ಪಾತ್ರೆ ಅದೇ, ಸರಕು ಅದೇ. ಫಲ ಮಾತ್ರ ಬೇರೆ!

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ ನೋಡಿ. ‘ಹ್ಯಾಲೊಆಲ್ಕೇನ್‌ಗೆ ನೀರಿನಲ್ಲಿ ಕರಗಿಸಿದ ಕೆಒಎಚ್ ಸೇರಿಸಿದರೆ ಏನು ಬರುತ್ತದೆ?’ ಆಲ್ಕೊಹಾಲ್. ‘ಆಲ್ಕೊಹಾಲ್‌ನಲ್ಲಿ ಕರಗಿಸಿದ ಕೆಒಎಚ್ ಸೇರಿಸಿದರೆ?’ ಆಲ್ಕೀನ್. ಕಣ್ಣು ಬಿಡುವ ಮೊದಲೇ ಉತ್ತರ ಬಂದಿರುತ್ತದೆ. ಸಿಇಟಿಗೆ ಓದುವಾಗ ಗೆಳೆಯನೊಬ್ಬ ಇದನ್ನು ನೆನಪಿಡಲು ‘ನೀರಿಗೆ ಹೆಂಡ, ಹೆಂಡಕ್ಕೆ ಗ್ಯಾಸು’ ಎಂದು ಸೂತ್ರವನ್ನೇ ಕಟ್ಟಿದ್ದ. ಅಂಕವೇನೋ ಬಂತು. ಆದರೆ ‘ಯಾಕೆ ಹಾಗೆ?’ ಎಂಬ ಪ್ರಶ್ನೆ ಮಾತ್ರ ಪುಸ್ತಕದಲ್ಲೇ ಉಳಿಯಿತು.

ಎರಡೂ ಕಡೆ ಹಾಕಿದ್ದು ಅದೇ ಕೆಒಎಚ್. ಅದೇ ಹ್ಯಾಲೊಆಲ್ಕೇನ್. ಬದಲಾದದ್ದು ಅವನ್ನು ಕರಗಿಸಿಕೊಂಡ ದ್ರವ ಒಂದೇ. ನಾವು ಸಮೀಕರಣ ಬರೆಯುವಾಗ ಈ ದ್ರವವನ್ನು ಬಾಣದ ಗುರುತಿನ ಕೆಳಗೆ ಪುಟ್ಟ ಅಕ್ಷರದಲ್ಲಿ ಬರೆಯುತ್ತೇವೆ, ಎಷ್ಟೋ ಸಲ ಬರೆಯುವುದೇ ಇಲ್ಲ. ಆದರೆ ಏನು ಹುಟ್ಟಬೇಕು ಎಂದು ತೀರ್ಮಾನಿಸುವವರಲ್ಲಿ ಅದೂ ಒಬ್ಬ. ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಈ ಸಂಗತಿ ಮುಖ್ಯ ಅನ್ನಿಸಿದ್ದು ಪರೀಕ್ಷೆಗಾಗಿ ಅಲ್ಲ. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹುಡುಗ–ಹುಡುಗಿಯರ ಓದಿಗೂ ಕೆಲಸಕ್ಕೂ, ನಾವು ಬೆಳೆಯುವ ಕಬ್ಬಿಗೂ ಇದಕ್ಕೂ ನೇರ ನಂಟಿದೆ. ಅದನ್ನು ಹೇಳುವುದಕ್ಕೇ ಈ ಬರಹ.

ವೈರಮುಡಿ ಜಾತ್ರೆಯ ಬೈಕ್ ಸವಾರ

ಮೊದಲು ಆ ‘ಯಾಕೆ’ಗೆ ಉತ್ತರ ಹುಡುಕೋಣ. ವೈರಮುಡಿ ಉತ್ಸವದ ರಾತ್ರಿ ಮೇಲುಕೋಟೆಯ ಬೀದಿಯಲ್ಲಿ ಬೈಕ್ ಓಡಿಸುವುದನ್ನು ಊಹಿಸಿಕೊಳ್ಳಿ. ಎಂಜಿನ್ ಎಷ್ಟೇ ಗಟ್ಟಿಯಾಗಿರಲಿ, ಸುತ್ತ ಜನ ಒತ್ತಿಕೊಂಡಿರುವಾಗ ಅದರ ಜೋರು ನಡೆಯುವುದಿಲ್ಲ. ಅದೇ ಬೈಕು ಮಾರನೆಯ ವಾರ ಖಾಲಿ ರಸ್ತೆಯಲ್ಲಿ ಹಾರುತ್ತದೆ. ನೀರಿನಲ್ಲಿ ಹೈಡ್ರಾಕ್ಸೈಡ್ ಅಯಾನಿನ ಸ್ಥಿತಿ ಜಾತ್ರೆಯ ಬೈಕಿನದು. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಅದನ್ನು ಸುತ್ತುವರಿದು ಹಿಡಿದಿರುತ್ತವೆ. ಆಗ ಅದರ ಪ್ರತ್ಯಾಮ್ಲ ಗುಣ, ಎಂದರೆ ಹೈಡ್ರೋಜನ್ ಕಿತ್ತುಕೊಳ್ಳುವ ಚಪಲ ತಗ್ಗುತ್ತದೆ. ಅದು ಹ್ಯಾಲೊಜನ್ ಹೊತ್ತ ಕಾರ್ಬನ್ನಿನ ಬಳಿ ಹೋಗಿ ಹ್ಯಾಲೊಜನ್ನಿನ ಜಾಗದಲ್ಲಿ ತಾನು ಕೂರುತ್ತದೆ. ಫಲ: ಆಲ್ಕೊಹಾಲ್.

ಎಥನಾಲ್‌ನಲ್ಲಿ ಕಥೆ ಬೇರೆ. ಅಲ್ಲಿ ಸುತ್ತಲಿನ ಹಿಡಿತ ಸಡಿಲ. ಮೇಲಾಗಿ ಹೈಡ್ರಾಕ್ಸೈಡ್ ಎಥನಾಲ್ ಜೊತೆ ಸೇರಿ ಎಥಾಕ್ಸೈಡ್ ಎಂಬ ಇನ್ನೂ ಬಲವಾದ ಪ್ರತ್ಯಾಮ್ಲ ಹುಟ್ಟುತ್ತದೆ. ಅದು ಪಕ್ಕದ ಕಾರ್ಬನ್ನಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಹ್ಯಾಲೊಜನ್ ಹೊರಟುಹೋಗುತ್ತದೆ, ನಡುವೆ ಜೋಡಿ ಬಂಧ ಉಳಿಯುತ್ತದೆ. ಫಲ: ಆಲ್ಕೀನ್.

ಇಲ್ಲಿ ಒಂದು ಸಾಲಿನ ಉತ್ತರದಲ್ಲಿ ಹಿಡಿಸದ ಮಾತೊಂದಿದೆ. ದ್ರಾವಕವೊಂದೇ ಸರ್ವಾಧಿಕಾರಿಯಲ್ಲ. ಅಣುವಿನ ಆಕಾರ, ಉಷ್ಣತೆ, ಸಾರತೆ ಇವೆಲ್ಲ ಅದರ ಜೊತೆ ಕೂತು ತೀರ್ಪು ಕೊಡುತ್ತವೆ. ಎಥನಾಲ್‌ನಲ್ಲಿ ಎಥಾಕ್ಸೈಡ್ ಇರುವಾಗ 2-ಬ್ರೋಮೊಪ್ರೊಪೇನ್ ಬಹುಪಾಲು ಪ್ರೊಪೀನ್ ಆಗುತ್ತದೆ. ಅದೇ ಸ್ಥಿತಿಯಲ್ಲಿ ಬ್ರೋಮೊಈಥೇನ್ ಬಹುಪಾಲು ಈಥರ್ ಆಗಿಬಿಡುತ್ತದೆ, ಆಲ್ಕೀನ್ ಸಿಗುವುದು ಅಲ್ಪ. ಹಾಗಾಗಿ ‘ಆಲ್ಕೊಹಾಲಿಕ್ ಎಂದರೆ ಆಲ್ಕೀನ್’ ಎಂಬುದನ್ನು ಕಲ್ಲಿನ ಮೇಲೆ ಕೆತ್ತಿದ ಶಾಸನ ಎಂದುಕೊಳ್ಳದೆ, ಒಂದು ದಿಕ್ಕು ತೋರಿಸುವ ಕೈಮರ ಎಂದುಕೊಳ್ಳುವುದು ಒಳ್ಳೆಯದು.

ಪಿಯು ಪುಸ್ತಕದಲ್ಲೇ ಇನ್ನೊಂದು ಚೆಂದದ ಉದಾಹರಣೆ ಇದೆ. ಫೀನಾಲ್‌ಗೆ ಬ್ರೋಮಿನ್ ನೀರು ಹಾಕಿದರೆ ತಕ್ಷಣ ಬಿಳಿ ಗಸಿ ಕೂರುತ್ತದೆ. ಅದು 2,4,6-ಟ್ರೈಬ್ರೋಮೊಫೀನಾಲ್, ಒಂದು ಉಂಗುರಕ್ಕೆ ಮೂರು ಬ್ರೋಮಿನ್. ಅದೇ ಬ್ರೋಮಿನ್ನನ್ನು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ, ತಣ್ಣಗಿಟ್ಟು ಸೇರಿಸಿದರೆ ಒಂದೇ ಬ್ರೋಮಿನ್ ಸೇರುತ್ತದೆ, ಅದರಲ್ಲೂ ಪ್ಯಾರಾ ಸ್ಥಾನದಲ್ಲಿ ಹೆಚ್ಚು. ನೀರಿನಲ್ಲಿ ಫೀನಾಲ್‌ನ ಸ್ವಲ್ಪ ಭಾಗ ಫೀನಾಕ್ಸೈಡ್ ಆಗುತ್ತದೆ; ಅದರ ಉಂಗುರ ಎಲೆಕ್ಟ್ರಾನ್‌ಗಳಿಂದ ತುಂಬಿ, ಬ್ರೋಮಿನ್ ಕಂಡರೆ ಬಿಡುವುದಿಲ್ಲ. ಧ್ರುವೀಯವಲ್ಲದ ಕಾರ್ಬನ್ ಡೈಸಲ್ಫೈಡ್‌ನಲ್ಲಿ ಫೀನಾಲ್ ಫೀನಾಲ್ ಆಗಿಯೇ ಉಳಿಯುತ್ತದೆ, ಕ್ರಿಯೆ ಒಂದು ಹೆಜ್ಜೆಗೆ ನಿಲ್ಲುತ್ತದೆ. ಒಂದು ಬೇಕೋ ಮೂರು ಬೇಕೋ ಎಂದು ಹೇಳಿದ್ದು ದ್ರಾವಕ.

ಲಾಭ ಇರುವುದು ‘ಎಷ್ಟು’ ಎಂಬುದರಲ್ಲಲ್ಲ, ‘ಯಾವುದು’ ಎಂಬುದರಲ್ಲಿ

ಇದಕ್ಕೆ ರಸಾಯನಶಾಸ್ತ್ರದಲ್ಲಿ ಸೆಲೆಕ್ಟಿವಿಟಿ ಎನ್ನುತ್ತಾರೆ. ಹಲವು ದಾರಿಗಳಿರುವಾಗ ಕ್ರಿಯೆ ನಮಗೆ ಬೇಕಾದ ದಾರಿಯನ್ನೇ ಎಷ್ಟರ ಮಟ್ಟಿಗೆ ಹಿಡಿಯಿತು ಎಂಬ ಲೆಕ್ಕ. ಇದನ್ನು ಕನ್ವರ್ಷನ್ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ. ನೂರು ಅಣು ಹಾಕಿದ್ದೀರಿ, ಅದರಲ್ಲಿ 90 ಬದಲಾದವು. ಕನ್ವರ್ಷನ್ ಶೇ 90. ಆ 90ರಲ್ಲಿ 72 ಮಾತ್ರ ನಮಗೆ ಬೇಕಾದ ವಸ್ತು, ಉಳಿದ 18 ಬೇಡದ್ದು. ಸೆಲೆಕ್ಟಿವಿಟಿ ಶೇ 80. ಬದಲಾಗದೆ ಉಳಿದ 10 ಅಣುಗಳನ್ನು ವಾಪಸ್ ತಂದು ಮತ್ತೆ ಬಳಸಬಹುದು. ಆದರೆ ತಪ್ಪು ದಾರಿಗೆ ಹೋದ 18 ಅಣು ಹೋದವು. ಅಷ್ಟೇ ಅಲ್ಲ, ಅವುಗಳನ್ನು ಬೇರ್ಪಡಿಸಲು ದುಡ್ಡು, ವಿಲೇವಾರಿ ಮಾಡಲು ಮತ್ತೆ ದುಡ್ಡು. ಕಾರ್ಖಾನೆ ಉಳಿಯುವುದು, ಮುಳುಗುವುದು ಈ 18ರ ಮೇಲೆ.

ದ್ರಾವಕದ ಕೈವಾಡವನ್ನು ವಿಜ್ಞಾನಿಗಳು ಗುರುತಿಸಿ ಬಹಳ ಕಾಲವಾಯಿತು. ರಷ್ಯಾದ ನಿಕೊಲಾಯ್ ಮೆನ್ಶುಟ್ಕಿನ್ 1890ರಲ್ಲಿ ಟ್ರೈಈಥೈಲ್ ಅಮೀನ್ ಮತ್ತು ಈಥೈಲ್ ಅಯೋಡೈಡ್ ನಡುವಿನ ಒಂದೇ ಕ್ರಿಯೆಯನ್ನು 23 ದ್ರಾವಕಗಳಲ್ಲಿ ನಡೆಸಿ ನೋಡಿದರು. ಹೆಕ್ಸೇನ್‌ನಲ್ಲಿ ಕುಂಟುತ್ತಾ ಸಾಗಿದ ಕ್ರಿಯೆ ಬೆಂಜೈಲ್ ಆಲ್ಕೊಹಾಲ್‌ನಲ್ಲಿ ನೂರಾರು ಪಟ್ಟು ವೇಗವಾಗಿ ನಡೆಯಿತು. ಕ್ರಿಯೆಯನ್ನು ಅದು ನಡೆಯುವ ಮಾಧ್ಯಮದಿಂದ ಬಿಡಿಸಿ ನೋಡಲಾಗದು ಎಂಬ ಅರಿವು ಅಲ್ಲಿಂದ ಗಟ್ಟಿಯಾಯಿತು.

ಆ ಮೇಲೆ ಬಂದ ಒಂದು ಅಚ್ಚರಿಗೆ ನಮ್ಮ ರಾಜ್ಯದ ನಂಟೂ ಇದೆ. ಸಾವಯವ ಕ್ರಿಯೆಗಳಿಗೆ ನೀರು ಆಗಿಬರದು ಎಂದೇ ಬಹುಕಾಲ ನಂಬಿದ್ದರು. ಎಣ್ಣೆಯಂಥ ವಸ್ತುಗಳು ನೀರಿನಲ್ಲಿ ಕರಗುವುದಿಲ್ಲವಲ್ಲ! 1980ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಬ್ರೆಸ್ಲೊ ಮತ್ತು ಡ್ಯಾರಿಲ್ ರೈಡ್‌ಔಟ್ ಒಂದು ಡೀಲ್ಸ್–ಆಲ್ಡರ್ ಕ್ರಿಯೆಯನ್ನು ನೀರಿನಲ್ಲಿ ನಡೆಸಿದರು. ಐಸೊಆಕ್ಟೇನ್‌ಗಿಂತ ನೀರಿನಲ್ಲಿ ಅದು ಸುಮಾರು 700 ಪಟ್ಟು ವೇಗವಾಗಿ ನಡೆಯಿತು. 1983ರಲ್ಲಿ ಬ್ರೆಸ್ಲೊ, ಉದಯ್ ಮೈತ್ರಾ ಮತ್ತು ರೈಡ್‌ಔಟ್ ಸೇರಿ ಪ್ರಕಟಿಸಿದ ಪ್ರಬಂಧ ಇನ್ನೂ ಮುಂದೆ ಹೋಯಿತು. ಈ ಕ್ರಿಯೆಯಲ್ಲಿ ಒಂದೇ ಪರಮಾಣುಗಳಿಂದ ಎರಡು ಆಕಾರದ ಅಣುಗಳು ಹುಟ್ಟಬಹುದು: ಎಂಡೊ ಮತ್ತು ಎಕ್ಸೊ. ಬೇರೆ ದ್ರಾವಕವಿಲ್ಲದೆ ನಡೆಸಿದಾಗ ಒಂದು ಎಕ್ಸೊಗೆ ಸುಮಾರು ನಾಲ್ಕು ಎಂಡೊ. ಎಥನಾಲ್‌ನಲ್ಲಿ ಎಂಟೂವರೆಯಷ್ಟು. ನೀರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು! ಬರೀ ವೇಗವಲ್ಲ, ಆಯ್ಕೆಯೇ ಬದಲಾಗಿತ್ತು. ಆ ಉದಯ್ ಮೈತ್ರಾ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಾವಯವ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾದರು.

ಕಾರಣ ನಮ್ಮ ಮನೆಯ ಸಾರಿನಲ್ಲೇ ಇದೆ. ಬಸ್ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹನಿಗಳು ತೇಲುತ್ತಾ ತೇಲುತ್ತಾ ಒಂದಕ್ಕೊಂದು ಸೇರಿ ದೊಡ್ಡ ಹನಿಯಾಗುವುದನ್ನು ನೋಡಿದ್ದೀರಲ್ಲ? ನೀರು ಎಣ್ಣೆಯಂಥ ಅಣುಗಳನ್ನು ಒತ್ತೊತ್ತಾಗಿ ತಳ್ಳುತ್ತದೆ. ಹಾಗೆ ತಳ್ಳಿದಾಗ ಮುದುಡಿ ಕೂರುವ ಆಕಾರಕ್ಕೆ ಅನುಕೂಲ ಹೆಚ್ಚು. ಎಂಡೊ ದಾರಿಯ ಆಕಾರ ಅಂಥದ್ದು. ಜೊತೆಗೆ ನೀರಿನ ಹೈಡ್ರೋಜನ್ ಬಂಧಗಳೂ ಆ ದಾರಿಗೆ ಒತ್ತಾಸೆ ಕೊಡುತ್ತವೆ.

ಸಕ್ಕರೆ ಒಂದು, ದಾರಿ ನಾಲ್ಕು

ಈಗ ನಮ್ಮ ಹೊಲಗಳಿಗೆ ಬರೋಣ. ಸಕ್ಕರೆಯ ರಸಾಯನಶಾಸ್ತ್ರ ಈ ನೆಲಕ್ಕೆ ಹೊಸದಲ್ಲ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಷ್ಟು ಹಿಂದೆಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ರೈತರಿಂದ ಬೆಲ್ಲ ಕೊಂಡು, ಅದನ್ನು ಶುದ್ಧಮಾಡಿ ಸಕ್ಕರೆ ಮಾಡುತ್ತಿದ್ದ ಆ ಕಾರ್ಖಾನೆಯ ಸಕ್ಕರೆಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಬಂದಿತ್ತು. ಕನ್ನಂಬಾಡಿ ಕಟ್ಟೆಯ ನೀರು ಹರಿದ ಮೇಲೆ 1933ರಲ್ಲಿ ಮಂಡ್ಯದ ಮೈಷುಗರ್ ಬಂತು. ನಂತರ ಪಾಂಡವಪುರದ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆಯ ಮಾಕವಳ್ಳಿಯ ಕಾರ್ಖಾನೆ ಬಂದವು. ಇವುಗಳ ಜೊತೆಗೆ ಊರೂರಿನ ಆಲೆಮನೆಗಳು.

ಆಲೆಮನೆಯ ಕೊಪ್ಪರಿಗೆಯೂ ಒಂದು ರಿಯಾಕ್ಟರ್ರೇ. ಕಬ್ಬಿನ ಹಾಲು ಸ್ವಲ್ಪ ಹುಳಿ. ಆ ಹುಳಿಯಲ್ಲಿ ನೀರು ಸಕ್ಕರೆಯ ಅಣುವನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ; ಅದು ಹೆಚ್ಚಾದರೆ ಬೆಲ್ಲ ಗಟ್ಟಿ ಕೂರದು. ಅದಕ್ಕೇ ಸುಣ್ಣದ ತಿಳಿ ಹಾಕುವುದು. ಸುಣ್ಣ ಮಿತಿಮೀರಿದರೆ ಬೆಲ್ಲ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೆಯುತ್ತಾರೆ. ಪಾಕ 118 ಡಿಗ್ರಿಯ ಆಸುಪಾಸಿಗೆ ಬಂದಾಗ ಇಳಿಸುತ್ತಾರೆ. ಥರ್ಮಾಮೀಟರ್ ಇಲ್ಲದೆ, ತಣ್ಣೀರಿಗೆ ಪಾಕದ ಹನಿ ಬಿಟ್ಟು ಹದ ನೋಡುವ ನಮ್ಮ ಹಿರಿಯರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ನೀರು ಕಡಿಮೆಯಾಗುತ್ತಾ ಹೋದಂತೆ ಒಳಗೆ ನಡೆಯುವ ಕೆಲಸವೇ ಬೇರೆಯಾಗುತ್ತದೆ.

ಹದ ಮೀರಿ ಕಾಯಿಸಿದಾಗ ಹುಟ್ಟುವ ವಸ್ತುಗಳಲ್ಲಿ ಒಂದರ ಹೆಸರು ಹೈಡ್ರಾಕ್ಸಿಮೀಥೈಲ್ ಫರ್ಫ್ಯುರಲ್. ಚಿಕ್ಕದಾಗಿ ಎಚ್‌ಎಂಎಫ್. ಫ್ರಕ್ಟೋಸ್ ಅಣುವಿನಿಂದ ಮೂರು ನೀರಿನ ಅಣು ಹೊರಬಿದ್ದರೆ ಎಚ್‌ಎಂಎಫ್. ಆಹಾರದಲ್ಲಿ ಇದು ಬೇಡದ ಅತಿಥಿ. ಜೇನುತುಪ್ಪ ಹಳತಾಗಿದೆಯೇ, ಹೆಚ್ಚು ಕಾಯಿಸಿದ್ದಾರೆಯೇ ಎಂದು ತಿಳಿಯಲು ಇದನ್ನೇ ಅಳೆಯುತ್ತಾರೆ. ಆದರೆ ರಾಸಾಯನಿಕ ಉದ್ಯಮಕ್ಕೆ ಇದು ಬೇಕಾದ ನೆಂಟ. ಎಚ್‌ಎಂಎಫ್‌ನಿಂದ ಎಫ್‌ಡಿಸಿಎ ಎಂಬ ಆಮ್ಲ ಮಾಡಬಹುದು, ಅದರಿಂದ ನೀರಿನ ಬಾಟಲಿಗೆ ಆಗುವ ಪಿಇಎಫ್ ಪ್ಲಾಸ್ಟಿಕ್ ಮಾಡಬಹುದು. ಪೆಟ್ರೋಲಿಯಂ ಬದಲು ಸಕ್ಕರೆಯಿಂದ! 2004ರಲ್ಲಿ ಅಮೆರಿಕದ ಇಂಧನ ಇಲಾಖೆ ಸಕ್ಕರೆಯಿಂದ ಪಡೆಯಬಹುದಾದ ಮುಖ್ಯ ರಾಸಾಯನಿಕಗಳ ಪಟ್ಟಿ ಮಾಡಿದಾಗ ಅದರಲ್ಲಿ ಎಫ್‌ಡಿಸಿಎ ಮತ್ತು ಲೆವ್ಯುಲಿನಿಕ್ ಆಮ್ಲ ಎರಡಕ್ಕೂ ಜಾಗ ಸಿಕ್ಕಿತ್ತು.

ಸರಿ, ಫ್ರಕ್ಟೋಸ್‌ಗೆ ಆಮ್ಲ ಹಾಕಿ ಕಾಯಿಸಿದರೆ ಆಯಿತಲ್ಲ? ಇಲ್ಲೇ ದ್ರಾವಕ ಅಡ್ಡ ನಿಲ್ಲುತ್ತದೆ.

ನೀರಿನಲ್ಲಿ ಕಾಯಿಸಿದರೆ ಎಚ್‌ಎಂಎಫ್ ಹುಟ್ಟುತ್ತದೆ, ಆದರೆ ನಿಲ್ಲುವುದಿಲ್ಲ. ಸುತ್ತಲೂ ನೀರೇ ಇರುವುದರಿಂದ ಎರಡು ನೀರಿನ ಅಣು ಮತ್ತೆ ಹೊಕ್ಕು ಅದನ್ನು ಲೆವ್ಯುಲಿನಿಕ್ ಆಮ್ಲ, ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ. ಒಂದಿಷ್ಟು ಪಾಲು ಹ್ಯೂಮಿನ್ ಎಂಬ ಕಪ್ಪು ಮಡ್ಡಿಯಾಗಿ ತಳ ಹಿಡಿಯುತ್ತದೆ.

ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕಾಯಿಸಿದರೆ ಎಚ್‌ಎಂಎಫ್ ಸುರಕ್ಷಿತ. ಶೇ 90ರ ಆಸುಪಾಸಿನ ಇಳುವರಿಯೂ ವರದಿಯಾಗಿದೆ. ಆ ದ್ರಾವಕ ನೀರಿನ ಅಣುಗಳನ್ನು ತನ್ನ ಕಡೆ ಹಿಡಿದಿಟ್ಟುಕೊಂಡು, ಎಚ್‌ಎಂಎಫ್ ಮೇಲೆ ಅವು ಏರಿಹೋಗದಂತೆ ನೋಡಿಕೊಳ್ಳುತ್ತದೆ.

ಮೆಥನಾಲ್‌ನಲ್ಲಿ ಕಾಯಿಸಿದರೆ ಎಚ್‌ಎಂಎಫ್‌ಗೆ ಮೆಥನಾಲ್ ತಗುಲಿಕೊಂಡು, ಅದಕ್ಕಿಂತ ಗಟ್ಟಿಯಾಗಿ ನಿಲ್ಲುವ ಈಥರ್ ಆಗುತ್ತದೆ. ನೆದರ್ಲೆಂಡ್ಸ್‌ನ ಅವಾಂಟಿಯಂ ಕಂಪನಿ ಎಫ್‌ಡಿಸಿಎ ಮಾಡಲು ಹಿಡಿದಿರುವುದು ಈ ದಾರಿಯನ್ನೇ. ಡೆಲ್ಫ್‌ಜೈಲ್ ಎಂಬಲ್ಲಿ ಅದು ಕಾರ್ಖಾನೆಯನ್ನೂ ಕಟ್ಟಿದೆ.

ಎಥನಾಲ್‌ನಲ್ಲಿ ಕಾಯಿಸಿದರೆ ಎಥಾಕ್ಸಿಮೀಥೈಲ್ ಫರ್ಫ್ಯುರಲ್ ಮತ್ತು ಈಥೈಲ್ ಲೆವ್ಯುಲಿನೇಟ್. ಡೀಸೆಲ್ ಜೊತೆ ಬೆರೆಸಲು ಆಗಬಹುದೇ ಎಂದು ಸಂಶೋಧಕರು ಪರೀಕ್ಷಿಸುತ್ತಿರುವ ವಸ್ತುಗಳಿವು.

ನೋಡಿ, ಸಕ್ಕರೆ ಬದಲಾಗಲಿಲ್ಲ. ದ್ರವ ಬದಲಾಯಿತು, ಕೈಗೆ ಬಂದ ಸರಕು ಬದಲಾಯಿತು.

ಹಾಗಾದರೆ ನಾಳೆಯೇ ಶುರುಮಾಡೋಣವೇ?

ಅಷ್ಟು ಸುಲಭವಿದ್ದಿದ್ದರೆ ಇಷ್ಟೊತ್ತಿಗೆ ಯಾರಾದರೂ ಮಾಡಿರುತ್ತಿದ್ದರು. ಡಿಎಂಎಸ್‌ಒ ಕುದಿಯುವುದು 189 ಡಿಗ್ರಿಯಲ್ಲಿ. ಅದನ್ನು ಆವಿ ಮಾಡಿ ತೆಗೆಯಹೋದರೆ ಒಳಗಿನ ಎಚ್‌ಎಂಎಫ್ ಕಾವಿಗೆ ಕೆಟ್ಟುಹೋಗುತ್ತದೆ. ಎಂದರೆ ಒಳ್ಳೆಯ ಸೆಲೆಕ್ಟಿವಿಟಿ ಕೊಟ್ಟ ದ್ರಾವಕವೇ ಸರಕನ್ನು ಕೈಗೆ ಕೊಡದೆ ಹಿಡಿದುಕೊಂಡಿತು. ಪ್ರಯೋಗಾಲಯದ ಗೆಲುವು ಕಾರ್ಖಾನೆಯ ಸೋಲಾಗುವುದು ಹೀಗೆ.

ಈ ಗಂಟು ಬಿಡಿಸಿದ ಬಗೆ ನನಗೆ ತುಂಬ ಹಿಡಿಸಿದ ಎಂಜಿನಿಯರಿಂಗ್. 2006ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಡ್ಯುಮೆಸಿಕ್ ಬಳಗ ಒಂದರ ಬದಲು ಎರಡು ಪದರ ಬಳಸಿತು. ಕೆಳಗೆ ನೀರಿನ ಪದರ, ಅದಕ್ಕೆ ಸ್ವಲ್ಪ ಡಿಎಂಎಸ್‌ಒ. ಮೇಲೆ ನೀರಿನೊಂದಿಗೆ ಬೆರೆಯದ ಎಂಐಬಿಕೆ ಎಂಬ ದ್ರಾವಕದ ಪದರ. ಕೆಳಗೆ ಎಚ್‌ಎಂಎಫ್ ಹುಟ್ಟುತ್ತಿದ್ದಂತೆ ಮೇಲಿನ ಪದರಕ್ಕೆ ಏರಿಬಿಡುತ್ತದೆ. ನೀರು ಅದನ್ನು ಹಿಡಿದು ಒಡೆಯುವ ಹೊತ್ತಿಗೆ ಅದು ಅಲ್ಲಿರುವುದೇ ಇಲ್ಲ. ಫ್ರಕ್ಟೋಸ್ ಶೇ 90ರಷ್ಟು ಬದಲಾದಾಗ ಶೇ 80ರ ಸೆಲೆಕ್ಟಿವಿಟಿ ಸಿಕ್ಕಿತು. ಮೇಲೆ ನಾನು ಕೊಟ್ಟ 90, 72ರ ಲೆಕ್ಕ ಇದೇ. ಮೇಲಿನ ದ್ರಾವಕ ಡಿಎಂಎಸ್‌ಒಗಿಂತ ಸುಲಭವಾಗಿ ಆವಿಯಾಗುವುದರಿಂದ ಎಚ್‌ಎಂಎಫ್ ಬೇರ್ಪಡಿಸುವುದೂ ಹಗುರ.

ಕಬ್ಬಿನ ಸಿಪ್ಪೆಯ ಕಥೆಯೂ ಹೀಗೇ. ಅದರೊಳಗಿನ ಕ್ಸೈಲೋಸ್ ಸಕ್ಕರೆಯಿಂದ ಮೂರು ನೀರು ತೆಗೆದರೆ ಫರ್ಫ್ಯುರಲ್. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1920ರ ದಶಕದಲ್ಲೇ ಓಟ್ಸ್ ಹೊಟ್ಟಿನಿಂದ ಇದನ್ನು ತೆಗೆಯಲು ಶುರುಮಾಡಿತ್ತು. ಕಬ್ಬಿನ ಸಿಪ್ಪೆಯಿಂದಲೂ ಇದನ್ನು ಪಡೆಯುತ್ತಾರೆ. ಫರ್ಫ್ಯುರಲ್‌ನಿಂದ 2-ಮೀಥೈಲ್ ಟೆಟ್ರಾಹೈಡ್ರೊಫ್ಯೂರಾನ್ ಎಂಬ ದ್ರಾವಕ ಮಾಡಬಹುದು. ಅದನ್ನು ಇಂದು ಔಷಧ ಕಂಪನಿಗಳು ಬಳಸುತ್ತಿವೆ. ಎಂದರೆ ಕಬ್ಬು ಕ್ರಿಯೆಗೆ ಬೇಕಾದ ಸಕ್ಕರೆಯನ್ನೂ ಕೊಡಬಲ್ಲದು, ಆ ಕ್ರಿಯೆ ನಡೆಸುವ ದ್ರಾವಕವನ್ನೂ ಕೊಡಬಲ್ಲದು. ಸದ್ಯಕ್ಕೆ ಕಾರ್ಖಾನೆಗಳಲ್ಲಿ ಸಿಪ್ಪೆಯ ಬಹುಪಾಲು ಬಾಯ್ಲರ್‌ಗೆ ಹೋಗಿ ಉಗಿ, ವಿದ್ಯುತ್ ಆಗುತ್ತದೆ. ಎಥನಾಲ್ ಪೆಟ್ರೋಲಿನ ಜೊತೆ ಬೆರೆಯುತ್ತದೆ. ಅದೇನೂ ತಪ್ಪಲ್ಲ. ಆದರೆ ಸುಟ್ಟು ಮುಗಿಸುವುದಕ್ಕಿಂತ ಮುಂದಿನ ಮೆಟ್ಟಿಲುಗಳೂ ಇವೆ ಎಂಬುದು ಕಬ್ಬಿನ ಬಿಲ್ಲಿಗಾಗಿ ಕಾಯುವ ಮನೆಗಳ ಮಕ್ಕಳಿಗಾದರೂ ಗೊತ್ತಿರಬೇಕು.

ಎಥನಾಲ್ ಗೆದ್ದ ಒಂದು ಪಂದ್ಯ

‘ಇದೆಲ್ಲ ಸಂಶೋಧಕರ ಮಾತು, ನಮಗೇನು ಕೆಲಸ ಸಿಗುತ್ತದೆ?’ ಎಂದು ನೀವು ಕೇಳಬಹುದು. ಹಾಗಾದರೆ ಈ ಉದಾಹರಣೆ ನೋಡಿ.

ಸರ್ಟ್ರಲಿನ್ ಎಂಬುದು ಖಿನ್ನತೆಗೆ ಕೊಡುವ ಔಷಧ. ಫೈಜರ್ ಕಂಪನಿ ಅದನ್ನು ಮೊದಲು ತಯಾರಿಸುತ್ತಿದ್ದ ವಿಧಾನದಲ್ಲಿ ಡೈಕ್ಲೊರೊಮೀಥೇನ್, ಟೆಟ್ರಾಹೈಡ್ರೊಫ್ಯೂರಾನ್, ಟಾಲ್ವೀನ್, ಹೆಕ್ಸೇನ್ ಎಂಬ ನಾಲ್ಕು ದ್ರಾವಕಗಳಿದ್ದವು. ಒಂದು ಹಂತದಲ್ಲಿ ಹುಟ್ಟುವ ನೀರನ್ನು ತೆಗೆಯಲು ಟೈಟಾನಿಯಂ ಟೆಟ್ರಾಕ್ಲೋರೈಡ್ ಎಂಬ ಅಪಾಯಕಾರಿ ವಸ್ತುವೂ ಬೇಕಿತ್ತು. ಅವರ ರಸಾಯನಶಾಸ್ತ್ರಜ್ಞರು ಈ ನಾಲ್ಕನ್ನೂ ಬಿಟ್ಟು ಎಥನಾಲ್ ಒಂದನ್ನೇ ಹಿಡಿದರು. ಬೇಕಾದ ಮಧ್ಯಂತರ ವಸ್ತು ಎಥನಾಲ್‌ನಲ್ಲಿ ಸರಿಯಾಗಿ ಕರಗದು. ಹಾಗಾಗಿ ಅದು ಹುಟ್ಟಿದಂತೆಲ್ಲ ಗಸಿಯಾಗಿ ಕೆಳಗೆ ಕೂರುತ್ತದೆ. ಕೂತದ್ದು ಹಿಂದಕ್ಕೆ ಮರಳದು, ಕ್ರಿಯೆ ತಾನಾಗಿ ಮುಂದಕ್ಕೆ ಸಾಗುತ್ತದೆ. ಟೈಟಾನಿಯಂ ಟೆಟ್ರಾಕ್ಲೋರೈಡ್ ಬೇಕೇ ಆಗಲಿಲ್ಲ. ವರ್ಷಕ್ಕೆ ಸುಮಾರು 140 ಟನ್ ಉಳಿಯಿತು. ಮುಂದಿನ ಹಂತದಲ್ಲಿ ವೇಗವರ್ಧಕವನ್ನು ಬದಲಿಸಿದ್ದರಿಂದ ಬೇಕಾದ ಆಕಾರದ ಅಣುವಿನ ಪಾಲೂ ಹೆಚ್ಚಿತು. 2002ರಲ್ಲಿ ಇದಕ್ಕೆ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು.

ಎಥನಾಲ್! ನಮ್ಮ ಕಾಕಂಬಿಯಿಂದ ಡಿಸ್ಟಿಲರಿಗಳು ಇಳಿಸುವ ಅದೇ ವಸ್ತು.

ಇದು ಯಾರ ಕೆಲಸ? ಪ್ರೋಸೆಸ್ ಡೆವಲಪ್‌ಮೆಂಟ್ ವಿಭಾಗದವರದು. ಅಲ್ಲಿ ಎಂಎಸ್ಸಿ ರಸಾಯನಶಾಸ್ತ್ರ ಓದಿದವರು, ಬಿ.ಫಾರ್ಮ್, ಎಂ.ಫಾರ್ಮ್ ಮಾಡಿದವರು, ಕೆಮಿಕಲ್ ಎಂಜಿನಿಯರುಗಳು ಒಟ್ಟಿಗೆ ಕೂರುತ್ತಾರೆ. ಔಷಧ ತಯಾರಿಕೆಯಲ್ಲಿ ಬಳಕೆಯಾಗುವ ಒಟ್ಟು ಸಾಮಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ದ್ರಾವಕದ್ದೇ. ಅದನ್ನು ಆರಿಸುವುದು, ಮತ್ತೆ ಶುದ್ಧಮಾಡಿ ಬಳಸುವುದು, ಔಷಧದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವುದು, ಹೊರಹೋಗುವ ನೀರಿಗೆ ಸೇರದಂತೆ ತಡೆಯುವುದು, ಇವೆಲ್ಲ ಬೇರೆ ಬೇರೆ ಕೆಲಸಗಳು. ನಂಜನಗೂಡು, ಬೆಂಗಳೂರಿನ ಔಷಧ ಘಟಕಗಳು ನಮ್ಮ ತಾಲ್ಲೂಕುಗಳಿಗೆ ದೂರವೇನಲ್ಲ.

ನಾಗಮಂಗಲದ ಬಿ.ಜಿ. ನಗರದಲ್ಲಿ ಫಾರ್ಮಸಿ ಓದುತ್ತಿರುವ ಗೆಳೆಯರು ಈ ಅಂಕಿಗಳನ್ನು ಒಮ್ಮೆ ಗಮನಿಸಿ. ಔಷಧದಲ್ಲಿ ಉಳಿಯಬಹುದಾದ ದ್ರಾವಕಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿ ಹಾಕಿರುವ ಮಿತಿ ಹೀಗಿದೆ: ಬೆಂಜೀನ್ ಹತ್ತು ಲಕ್ಷ ಭಾಗಕ್ಕೆ 2 ಭಾಗ, ಹೆಕ್ಸೇನ್ 290, ಡೈಕ್ಲೊರೊಮೀಥೇನ್ 600, ಎಥನಾಲ್ 5000. ಒಳ್ಳೆಯ ಸೆಲೆಕ್ಟಿವಿಟಿ ಕೊಡುವ ದ್ರಾವಕವೊಂದು ರೋಗಿಯ ಹೊಟ್ಟೆಗೆ ವಿಷವಾದರೆ ಪ್ರಯೋಜನವಿಲ್ಲ. ಕೆಲಸಗಾರನ ಉಸಿರಿಗೆ ಕೆಟ್ಟದ್ದಾದರೂ ಅಷ್ಟೇ. ಪಿಯು ಪುಸ್ತಕದ ಆ ಕಾರ್ಬನ್ ಡೈಸಲ್ಫೈಡ್ ಕೂಡ ನರಗಳಿಗೆ ಹಾನಿಮಾಡುವ, ತಟ್ಟನೆ ಬೆಂಕಿ ಹಿಡಿಯುವ ದ್ರವ. ಹಾಗಾಗಿ ದ್ರಾವಕದ ಆಯ್ಕೆಯಲ್ಲಿ ಮೂರು ಪ್ರಶ್ನೆ ಒಟ್ಟಿಗೆ ಬರುತ್ತವೆ. ಬೇಕಾದ್ದನ್ನು ಕೊಡುತ್ತದೆಯೇ? ಕೊಟ್ಟದ್ದನ್ನು ಬಿಡುತ್ತದೆಯೇ? ಯಾರಿಗೂ ಕೇಡಾಗದೇ?

ಕಲಿಯುವುದು ಹೇಗೆ?

ಇದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಪುಸ್ತಕದಲ್ಲಿ ಯಾವುದೇ ಕ್ರಿಯೆ ಕಂಡರೂ ಬಾಣದ ಕೆಳಗಿನ ಪುಟ್ಟ ಅಕ್ಷರವನ್ನು ಓದಿ. ಆ ದ್ರಾವಕ ಧ್ರುವೀಯವೇ ಅಲ್ಲವೇ, ಹೈಡ್ರೋಜನ್ ಬಂಧ ಕೊಡುತ್ತದೆಯೇ, ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಅದನ್ನು ಬದಲಿಸಿದರೆ ಏನಾಗಬಹುದು ಎಂದು ಒಂದು ಊಹೆ ಬರೆಯಿರಿ. ಆಮೇಲೆ ಅಧ್ಯಾಪಕರನ್ನು ಕೇಳಿ. ನೂರು ಸಮೀಕರಣ ಬಾಯಿಪಾಠ ಮಾಡುವುದಕ್ಕಿಂತ ಹತ್ತು ಊಹೆ ಮಾಡಿ, ಅದರಲ್ಲಿ ಐದು ತಪ್ಪಾದರೂ ಕಲಿಕೆ ಹೆಚ್ಚು.

ದ್ರಾವಕದ ಧ್ರುವೀಯತೆಯನ್ನು ಕಣ್ಣಿನಿಂದಲೇ ನೋಡಬೇಕೆನ್ನುವವರಿಗೆ ರೈಕಾರ್ಟ್ ಬಣ್ಣ ಎಂಬ ವಸ್ತುವಿದೆ. ಜರ್ಮನಿಯ ಕ್ರಿಶ್ಚಿಯನ್ ರೈಕಾರ್ಟ್ ಹೆಸರಿನ ಈ ಒಂದೇ ಬಣ್ಣ ಮೆಥನಾಲ್‌ನಲ್ಲಿ ಕೆಂಪು, ಎಥನಾಲ್‌ನಲ್ಲಿ ನೇರಳೆ, ಅಸಿಟೋನ್‌ನಲ್ಲಿ ಹಸಿರು. ಸುತ್ತಲಿನವರು ಬದಲಾದರೆ ಒಳಗಿನ ಎಲೆಕ್ಟ್ರಾನ್‌ಗಳ ನಡತೆಯೂ ಬದಲಾಗುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕಂಪ್ಯೂಟರ್ ಸೈನ್ಸ್ ಓದುವವರಿಗೂ ಇಲ್ಲಿ ಜಾಗವಿದೆ. ನೂರಾರು ದ್ರಾವಕಗಳ ಗುಣಗಳನ್ನು ದತ್ತಾಂಶವಾಗಿಸಿ, ಯಾವ ಕ್ರಿಯೆಗೆ ಯಾವುದು ಹೊಂದುತ್ತದೆ ಎಂದು ಮೊದಲೇ ಊಹಿಸುವ ತಂತ್ರಾಂಶಗಳ ಮೇಲೆ ಈಗ ಕೆಲಸ ನಡೆಯುತ್ತಿದೆ. ಆದರೆ ಯಂತ್ರಕ್ಕೆ ಪ್ರಶ್ನೆ ಕೇಳಬೇಕಾದರೂ ಕೇಳುವವರಿಗೆ ರಸಾಯನಶಾಸ್ತ್ರ ಗೊತ್ತಿರಬೇಕು.

ಕೆಮಿಕಲ್ ಬ್ರ್ಯಾಂಚ್ ತೆಗೆದುಕೊಂಡೆ ಎಂದರೆ ಊರಿನಲ್ಲಿ ಈಗಲೂ ‘ಯಾಕೆ, ಸಿಎಸ್ ಸಿಗಲಿಲ್ವಾ?’ ಎಂದೇ ಕೇಳುತ್ತಾರೆ. ಕೇಳಲಿ. ಕಬ್ಬು, ಬೆಲ್ಲ, ಕಾಕಂಬಿ, ಸಿಪ್ಪೆ ಇವೆಲ್ಲ ಇರುವ ನೆಲದಲ್ಲಿ ಅವುಗಳ ಅಣು ಬಲ್ಲವರು ನಾಲ್ಕು ಜನವಾದರೂ ಇರಬೇಡವೇ? ನಮ್ಮ ಕಬ್ಬನ್ನು ಟನ್ನಿಗಿಷ್ಟು ಎಂದು ತೂಗುವವರು ಬೇಕಾದಷ್ಟಿದ್ದಾರೆ. ಅದರಿಂದ ಯಾವುದು ಹೊರಬರಬೇಕು ಎಂದು ತೀರ್ಮಾನಿಸುವವರು ಕಡಿಮೆ. ಆ ಜಾಗ ಖಾಲಿ ಇದೆ. ಅರ್ಜಿ ಹಾಕುವ ಮುನ್ನ ಒಂದು ಪ್ರಶ್ನೆಗೆ ಮಾತ್ರ ತಯಾರಾಗಿ ಬನ್ನಿ: ‘ಕ್ರಿಯೆ ಸರಿ, ಯಾವ ದ್ರಾವಕದಲ್ಲಿ?’